ಗೋಡೆಯಮ್ಮನ ಚೀಲ

ಸಿಟ್ಟು ಬಂದದ್ದು ಗಂಡನ ಮೇಲೋ, ನಾದಿನಿಯ ಮೇಲೋ, ಬೆಳಗಾದರೂ ಹಾಲ್‌ನ ನಟ್ಟನಡುವೆ ಕಾಲು ಚಾಚಿಕೊಂಡು ನಿಂತಿದ್ದ ಆ ಮಡಚುವ ಮಂಚದ ಮೇಲೋ ಎಂಬುದು ಬಸ್ಸಿಳಿಯುವ ತನಕವೂ ಅವಳಿಗೆ ತೀರ್ಮಾನವಾಗಲಿಲ್ಲ. ಎದ್ದ ಮೇಲೆ ಮಂಚ ಮಡಚಿಡಬಾರದಾ ಎಂದು ಕೇಳಿದ್ದು ನಿಜ. ಕೇಳಿದ್ದರಲ್ಲಿ ತಪ್ಪೇನಿತ್ತು? ಓಡಾಡುವ ಜಾಗ ಅದು, ಬೆಳಿಗ್ಗೆ ಬೆಳಿಗ್ಗೆ ಮೊಣಕಾಲಿಗೆ ಬಡಿಸಿಕೊಂಡವಳು ಇನ್ನು ಹೇಗೆ ಕೇಳಬೇಕಿತ್ತು? ಗಂಡನ ಮನೆ ಬಿಟ್ಟು ಬಂದಂದಿನಿಂದ ಯಾವುದಕ್ಕೂ ಎದುರಾಡದ ನಾದಿನಿ, "ಆಯ್ತು ಅತ್ತಿಗೆ" ಎಂದು ಗಡಬಡಿಸಿ ಎದ್ದು, ಹೊದಿಕೆಯನ್ನು ಎದೆಗೆ ಅವಚಿಕೊಂಡು, ಅದನ್ನು ಎಲ್ಲಿಡಬೇಕೆಂದು ಇವತ್ತಷ್ಟೇ ಈ ಮನೆಗೆ ಬಂದವಳ ಹಾಗೆ ಸುತ್ತಲೂ ನೋಡಿದ್ದಳು. ಆಗಲೇ ಬೂಟಿನ ಲೇಸು ಕಟ್ಟುತ್ತಿದ್ದ ಗಂಡ, ತಲೆಯನ್ನೂ ಎತ್ತದೆ, "ಊರೋರಿಗೆಲ್ಲ ಮಂಚ ಹುಡುಕಿ ಕೊಡ್ತಾಳಪ್ಪ ಇವಳು, ಮನೇಲಿರೋ ಒಂದನ್ನ ಮಾತ್ರ ಮಡಚಿಡು ಅಂತಾಳೆ" ಎಂದು ನಕ್ಕದ್ದು. ತಮಾಷೆಗೇ ಅಂದದ್ದು, ಅವನಿಗೆ ಎಲ್ಲವೂ ತಮಾಷೆ. ನಾದಿನಿಯೂ ನಕ್ಕಳು. ತಾನೂ ನಕ್ಕಳು. ಅಷ್ಟು ಜೋರಾಗಿ ಯಾಕೆ ನಕ್ಕೆ ಎಂದು ಬಸ್ಸಿನ ಕಿಟಕಿಯ ಪಕ್ಕ ಕೂತು ಯೋಚಿಸಿ ಯೋಚಿಸಿ, ಪಕ್ಕದವರು ತಿರುಗಿ ನೋಡಿದಾಗ, ತಾನು ಈಗಲೂ ನಗುತ್ತಲೇ ಇದ್ದೇನೆಂದು ಗೊತ್ತಾಗಿ ತುಟಿ ಬಿಗಿದುಕೊಂಡಳು.

ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ರಜೆಯಿರುವ ದಿನ ಅವಳು ಈ ಕೆಲಸಕ್ಕೆ ಬರುತ್ತಾಳೆ. ಬೀದಿಯಲ್ಲಿ ಮಲಗುವವರ ಪಕ್ಕ ಕೂತು ಮಾತಾಡಿ, ಒಪ್ಪಿದವರನ್ನು ಆಸ್ಪತ್ರೆಗೋ, ಆಶ್ರಯ ನಿಲಯಕ್ಕೋ, ಪಿಂಚಣಿ ಕಚೇರಿಗೋ ಕರೆದುಕೊಂಡು ಹೋಗಿ ಮುಟ್ಟಿಸುವುದು. ಸಂಬಳವಿಲ್ಲ, ಕೊರಳಿಗೆ ಗುರುತಿನ ಚೀಟಿಯೂ ಇಲ್ಲ. "ಚೀಟಿ ನೇತಾಕ್ಕೊಂಡು ಹೋದ್ರೆ ಅವರು ನಿಮ್ಮನ್ನ ನೋಡಲ್ಲ, ಚೀಟಿ ನೋಡ್ತಾರೆ" ಎನ್ನುವುದು ಈ ಕೆಲಸದ ಗುಂಪನ್ನು ನಡೆಸುವ ಡ್ರಾಯಿಂಗ್ ಮೇಷ್ಟ್ರ ಹಟ. ನಿವೃತ್ತರಾದರೂ ಅವರ ಬೆರಳಿನ ಸಂದಿಯಲ್ಲಿ ಇನ್ನೂ ಬಣ್ಣ ಇದ್ದಂತೆ ಕಾಣುತ್ತಿತ್ತು. ಮೊದಲನೇ ದಿನ ಎಲ್ಲರನ್ನೂ ನೆಲದ ಮೇಲೆ ಕೂರಿಸಿ ಅವರು ಹೇಳಿದ್ದು ಸ್ವಲ್ಪವೇ. ಅವರು ಕೂತಿದ್ದರೆ ನೀವು ನಿಲ್ಲಬೇಡಿ. ಕೂತ್ಕೊಳ್ಳಲಾ ಅಂತ ಕೇಳದೆ ಕೂರಬೇಡಿ. ಕೊನೆಯದಾಗಿ, ಏನೇ ಆಗಲಿ, ಚೀಲ ಮುಟ್ಟಬೇಡಿ. "ನಮಗೆ ಮನೆ, ಬೀಗ, ಬೀರು. ಅವರಿಗೆ ಚೀಲ. ಬರ್ತೀನಿ ಅಂತ ಬಾಯಲ್ಲಿ ಹತ್ತು ಸಲ ಹೇಳ್ತಾರೆ, ಎದ್ದೇಳಲ್ಲ. ಆದ್ರೆ ತಾವಾಗೇ ಚೀಲ ಎತ್ತಿ ನಿಮ್ಮ ಕೈಗೆ ಕೊಟ್ರೋ, ಆಯ್ತು, ಹೊರಟರು ಅಂತ ತಿಳ್ಕೊಳ್ಳಿ. ತಡ ಮಾಡ್ಬೇಡಿ, ತಕ್ಷಣ ಫೋನ್ ಮಾಡಿ ಜಾಗ ಹಿಡೀರಿ." ಅಂದಿನಿಂದ ಗುಂಪಿನಲ್ಲಿ ಅದೇ ಮಾತು. ಯಾರಾದರೂ ಒಪ್ಪಿದರೆ 'ಒಪ್ಪಿದರು' ಎನ್ನುವುದಿಲ್ಲ, 'ಚೀಲ ಬಂತು' ಎನ್ನುತ್ತಾರೆ. ಫೋನಿನಲ್ಲಿ ಗುಂಪಿನ ಸಂದೇಶಗಳು ಟಿಣ್ ಟಿಣ್ ಎನ್ನುವಾಗೆಲ್ಲ ಯಾರದೋ ಚೀಲ ಯಾರಿಗೋ ಬಂದಿರುತ್ತಿತ್ತು. ಅವಳಿಗೆ ಮಾತ್ರ ಇಷ್ಟು ತಿಂಗಳಾದರೂ ಒಂದು ಚೀಲವೂ ಬಂದಿರಲಿಲ್ಲ. ಯಾರೂ ಅದನ್ನು ಆಡಿ ತೋರಿಸಿರಲಿಲ್ಲ. ಆಡಿ ತೋರಿಸಿದ್ದರೇ ವಾಸಿಯಿತ್ತು.

ಅವಳ ಪಾಲಿಗೆ ಬಂದದ್ದು ಬಸ್ ನಿಲ್ದಾಣದ ಹಿಂದಿನ ಬೀದಿ ಮತ್ತು ಆ ಬೀದಿಯ ಗೋಡೆಯಮ್ಮ. ಹೆಸರು ಕೇಳಿದರೆ "ಹೆಸರು ತಗೊಂಡು ಏನ್ ಮಾಡ್ತೀಯ, ಸಾಲ ಕೊಡ್ತೀಯಾ?" ಎನ್ನುವವಳಿಗೆ ಗುಂಪಿನವರು ಇಟ್ಟ ಹೆಸರು ಅದು. ಯಾವಾಗ ನೋಡಿದರೂ ಒಂದೇ ಗೋಡೆಗೆ, ಗೋಡೆಯ ಒಂದೇ ಜಾಗಕ್ಕೆ ಬೆನ್ನು ಕೊಟ್ಟು ಕೂತಿರುತ್ತಾಳೆ. ನೀಲಿ ರೆಕ್ಸಿನ್ ಚೀಲ ತೊಡೆಯ ಪಕ್ಕ. ಬೀದಿಯಲ್ಲಿ ಬದುಕುವವಳ ಚೀಲವೆಂದು ಯಾರೂ ಹೇಳುವಂತಿರಲಿಲ್ಲ. ದಿನವೂ ಒದ್ದೆ ಬಟ್ಟೆಯಿಂದ ಒರೆಸಿ ಒರೆಸಿ ಅದರ ಮೂಲೆಗಳು ಹೊಳೆಯುತ್ತಿದ್ದವು. ಮೊದಲ ಸಲ ಇವಳು ಕಲಿತುಕೊಂಡು ಬಂದ ಹಾಗೆ "ಕೂತ್ಕೊಳ್ಳಲಾ ಅಮ್ಮ?" ಎಂದಾಗ ಮುದುಕಿ ಮೇಲಿಂದ ಕೆಳಗೆ ನೋಡಿ, "ನೆಲ ನಮ್ಮಪ್ಪಂದಲ್ಲ, ಕೂತ್ಕೋ. ಏನ್ ಮಾರೋಕೆ ಬಂದೆ?" ಎಂದಿದ್ದಳು. ಏನೂ ಮಾರಲ್ಲ ಎಂದು ಎಷ್ಟು ಹೇಳಿದರೂ ನಂಬಿರಲಿಲ್ಲ. ಆಮೇಲಾಮೇಲೆ ಅದೇ ಅವರಿಬ್ಬರ ಆಟವಾಯಿತು. ಏನ್ ಮಾರೋಕೆ ಬಂದೆ ಇವತ್ತು? ಮಂಚ, ಅಮ್ಮ. ಹೆಂಗೆ ಕೊಡ್ತೀಯ? ಬಿಟ್ಟಿ. ಬಿಟ್ಟಿ ಮಂಚದಲ್ಲಿ ತಿಗಣೆ ಜಾಸ್ತಿ, ಬೇಡ ಹೋಗು. ಇಬ್ಬರೂ ನಗುತ್ತಿದ್ದರು. ನಕ್ಕು ಎದ್ದು ಬರುವಾಗ ತಾನು ಕೆಲಸಕ್ಕೆ ಬಂದವಳೋ ಹರಟೆಗೆ ಬಂದವಳೋ ಎಂದು ಅವಳಿಗೆ ಅನುಮಾನ ಹುಟ್ಟುತ್ತಿತ್ತು. ಅಂಗಡಿಯಲ್ಲಾದರೆ ಹೀಗಿಲ್ಲ. ಗಿರಾಕಿಯ ಮೂಗಿನ ಮೇಲೆ ಪರೀಕ್ಷೆಯ ಫ್ರೇಮು ಇಟ್ಟು, ಗಾಜು ಬದಲಿಸಿ ಬದಲಿಸಿ, ಈಗ ಸ್ಪಷ್ಟ ಕಾಣ್ಸುತ್ತಾ, ಇಲ್ಲ ಮೊದಲನೇದೇ ಸ್ಪಷ್ಟ ಇತ್ತಾ ಎಂದು ಕೇಳುವುದು, ಅವರು ಹೇಳಿದ್ದನ್ನು ಬರೆದುಕೊಳ್ಳುವುದು. ಒಮ್ಮೆ ಒಬ್ಬ ಮುದುಕರು, ಕೇಳಿ ಕೇಳಿ ತಬ್ಬಿಬ್ಬಾಗಿ, ಪರೀಕ್ಷೆಯಲ್ಲಿ ಕೂತವರಂತೆ ಬೆವರಿ, "ಯಾವುದು ಸರಿ ಅಂತ ನೀವೇ ಹೇಳಿಬಿಡಿಯಮ್ಮ, ನಾನು ಹೂಂ ಅಂತೀನಿ" ಎಂದಿದ್ದರು. ಅವಳು ಹೇಳಿಬಿಟ್ಟಿದ್ದಳು. ಅವರು ಹೂಂ ಅಂದಿದ್ದರು. ಅವರಿಗೆ ಕಣ್ಣು ಕಂಡಿತೋ ಇಲ್ಲವೋ, ಮತ್ತೆ ಅವರು ಅಂಗಡಿಗೆ ಬರಲಿಲ್ಲ.

ಇವತ್ತು ಗೋಡೆಯಮ್ಮ ಆಟವಾಡುವ ಹುಮ್ಮಸ್ಸಿನಲ್ಲಿರಲಿಲ್ಲ. ಮುಖ ಗಂಟು ಹಾಕಿಕೊಂಡು, ಕಾಲು ಮಡಚಿ ಬಿಚ್ಚಿ ಮಾಡುತ್ತಿದ್ದಳು. ಇವಳು ಪಕ್ಕದಲ್ಲಿ ಕೂತು, ನಿಲಯದಲ್ಲಿ ನಿನ್ನೆಯಷ್ಟೇ ಒಂದು ಮಂಚ ಖಾಲಿಯಾಗಿದೆ, ಕಿಟಕಿ ಪಕ್ಕದ್ದು, ಇಂಥದ್ದು ಸಿಗೋದೇ ಕಷ್ಟ, ಬಿಸಿನೀರಿದೆ, ನೋಡೋಕಾದರೂ ಬನ್ನಿ ಎಂದೆಲ್ಲ ಹೇಳತೊಡಗಿದಾಗ ಎಂದಿನಂತೆ ತಿಗಣೆಯ ಮಾತು ತೆಗೆಯದೆ ಹೂಂ ಹೂಂ ಎನ್ನುತ್ತಿದ್ದಳು. ಹೂಂ ಎಂದಳಲ್ಲ ಎಂದು ಇವಳ ಮೈ ಜುಮ್ಮೆಂದಿತು. ಮಾತಿನ ವೇಗ ಹೆಚ್ಚಿತು. ತಾನು ಏನು ಹೇಳುತ್ತಿದ್ದೇನೆಂದು ತನಗೇ ತಿಳಿಯದ ಹಾಗೆ, ಆ ಕಿಟಕಿಯ ಬಗ್ಗೆ, ಅದರಾಚೆ ಇರುವ ಮರದ ಬಗ್ಗೆ (ಮರವಿದೆಯೇ? ಅವಳು ಕಂಡಿರಲಿಲ್ಲ) ವರ್ಣಿಸುತ್ತಾ ಹೋದಳು. ಗೋಡೆಯಮ್ಮ ತಟಕ್ಕನೆ ಎದ್ದಳು. ಚೀಲ ಎತ್ತಿದಳು. ಒಂದು ಕ್ಷಣ ಅನುಮಾನಿಸಿ, ಬೀದಿಯ ಆ ತುದಿ ಈ ತುದಿ ನೋಡಿ, ಆಮೇಲೆ ಇವಳ ಮುಖ ನೋಡಿ, "ತಗೋ, ಹಿಡ್ಕೋ ತಾಯಿ" ಎಂದು ಚೀಲವನ್ನು ಇವಳ ಮಡಿಲಿಗೆ ಇಟ್ಟು, "ಬಂದೆ" ಎಂದು ಮೂಲೆಯ ಸಾರ್ವಜನಿಕ ಶೌಚಾಲಯದ ಕಡೆ ಸರಸರ ನಡೆದಳು.

ಚೀಲ ಬಂತು! ಅವಳಿಗೆ ಕಣ್ಣಲ್ಲಿ ನೀರು ಬಂತು, ಛೆ, ಏನಿದು ಎಂದುಕೊಂಡಳು. ಚೀಲ ಇಷ್ಟು ಹಗುರವಿರಬಹುದೆಂದು ಅವಳು ಎಣಿಸಿರಲಿಲ್ಲ. ತಡ ಮಾಡದೆ ನಿಲಯಕ್ಕೆ ಫೋನು ಹಚ್ಚಿದಳು. ವಾರ್ಡನ್ ಮೇಡಂ ಎಂದಿನ ಒರಟು ದನಿಯಲ್ಲಿ, "ಇದ್ಯಮ್ಮ, ಮಂಚ ಇದೆ, ಆದ್ರೆ ಬಾಗಿಲಲ್ಲಿ ಬೆಳಿಗ್ಗೆಯಿಂದ ಒಬ್ಬಳು ಕೂತಿದಾಳೆ. ಮೈಯಲ್ಲಿ ಹುಷಾರಿಲ್ಲದ ಹಾಗೆ ಕಾಣ್ಸುತ್ತೆ. ನೀವು ಯಾರನ್ನೂ ಕರ್ಕೊಂಡು ಬರದಿದ್ರೆ ಅವಳಿಗೇ ಕೊಡೋಣ ಅಂತಿದ್ದೆ. ನಿಮ್ಮೋರು ಖಂಡಿತ ಬರ್ತಾರಾ?" ಎಂದರು. "ಖಂಡಿತ ಮೇಡಂ. ಚೀಲ ನನ್ನ ಕೈಯಲ್ಲೇ ಇದೆ" ಎಂದಳು ಇವಳು. ಹಾಗೆನ್ನುವಾಗ ತನ್ನ ದನಿಯಲ್ಲಿ ಬಂದ ಠೀವಿ ಕೇಳಿ ತಾನೇ ಬೆರಗಾದಳು. "ಸರಿ ಹಾಗಾದ್ರೆ, ಇವಳಿಗೆ ಬೇರೆ ಕಡೆ ನೋಡ್ಕೋ ಅಂತೀನಿ" ಎಂದು ಫೋನು ಇಟ್ಟಾಗ, ಬಾಗಿಲಲ್ಲಿ ಕೂತವಳ ಮುಖ ಕಣ್ಮುಂದೆ ಬರಲು ನೋಡಿತು, ಬರಗೊಡಲಿಲ್ಲ. ಗುಂಪಿಗೆ 'ಗೋಡೆಯಮ್ಮನ ಚೀಲ ಬಂತು' ಎಂದು ಬರೆದಳು. ಟಿಣ್, ಟಿಣ್, ಟಿಣ್. ಭೇಷ್, ಅಂತೂ ಆಯ್ತಲ್ಲ, ನಿಮ್ಮ ತಾಳ್ಮೆಗೆ ದೊಡ್ಡ ನಮಸ್ಕಾರ. ಮೇಷ್ಟ್ರು ಒಂದೇ ಪದ ಬರೆದಿದ್ದರು: ಭಲೇ. ಗಂಡನಿಗೂ ಹೇಳಿಬಿಡಲೇ ಎನಿಸಿತು. ಹೇಳಿದರೆ ಏನೆನ್ನುತ್ತಾನೆಂದು ಗೊತ್ತಿತ್ತು, ಆದರೂ ಎನಿಸಿತು.

ಕಾಯುವಾಗ ಚೀಲ ತೊಡೆಯ ಮೇಲಿತ್ತು. ಬೀದಿಯಾಚೆ ಬಸ್ಸಿಗೆ ಸಾಲು ನಿಂತವರು ಸುಮ್ಮನೆ ಅವಳತ್ತ ನೋಡಿ ಬೇರೆ ಕಡೆ ತಿರುಗುತ್ತಿದ್ದರು. ನಾದಿನಿ ಬಂದ ದಿನವೂ ಹೀಗೆಯೇ ಒಂದು ಚೀಲವಿತ್ತಲ್ಲ. ಬಾಗಿಲು ತೆರೆದಾಗ ಹೊಸ್ತಿಲಾಚೆ ನಿಂತು, ಒಳಗೂ ಬರದೆ, ಕಾಲಿಂಗ್ ಬೆಲ್ಲಿನ ಮೇಲಿಂದ ಬೆರಳು ತೆಗೆಯುವುದನ್ನೂ ಮರೆತು, "ಸ್ವಲ್ಪ ದಿನ ಅಷ್ಟೇ ಅತ್ತಿಗೆ" ಎಂದಿದ್ದಳು. ಬೆಲ್ಲು ಬಡಿದುಕೊಳ್ಳುತ್ತಲೇ ಇತ್ತು. ಆಗ ಏನು ಹೇಳಬೇಕೆಂದು ತೋಚದೆ, ಬೆಲ್ಲು ನಿಂತರೆ ಸಾಕೆಂದು, ಅವಳ ಕೈಯಿಂದ ಚೀಲ ಇಸಿದುಕೊಂಡದ್ದು ತಾನೇ. ಗಂಡ ಈಗಲೂ ಅದನ್ನೇ ಹೇಳುತ್ತಾನೆ, ಕರೆದು ಒಳಗೆ ಸೇರಿಸಿಕೊಂಡವಳೇ ನೀನು ಎಂದು. ಇಸಿದುಕೊಂಡದ್ದು ಒಪ್ಪಿದ ಹಾಗೆಯೇ? ಹೊಸ್ತಿಲಲ್ಲಿ ನಿಂತವರ ಕೈಲಿ ಭಾರ ಕಂಡರೆ ಯಾರಾದರೂ ಇಸಿದುಕೊಳ್ಳುವುದಿಲ್ಲವೇ? ಹಾಗಾದರೆ ಬರಬೇಡ ಎಂದು ಮನಸ್ಸಿನಲ್ಲಿತ್ತೇ? ಇರಲಿಲ್ಲ. ಬಾ ಎಂದಿತ್ತೇ? ಅದೂ ನೆನಪಾಗಲಿಲ್ಲ. ಬೆಲ್ಲಿನ ಸದ್ದು ಮಾತ್ರ ನೆನಪಾಯಿತು.

ಗೋಡೆಯಮ್ಮ ಒದ್ದೆ ಕೈ ಕೊಡವುತ್ತಾ ವಾಪಸು ಬಂದಳು. ಮುಖ ಹಗುರಾಗಿತ್ತು. ಕೈ ಚಾಚಿ, "ಕೊಡು ತಾಯಿ, ಪುಣ್ಯ ಬರ್ಲಿ ನಿನಗೆ" ಎಂದಳು. "ಇರ್ಲಿ, ನಾನೇ ಹಿಡ್ಕೋತೀನಿ, ನಡೀರಿ" ಎಂದು ಇವಳು ಎದ್ದಳು. "ಎಲ್ಲಿಗೆ?" ಎಂದಳು ಗೋಡೆಯಮ್ಮ. ನಿಲಯಕ್ಕೆ ಎಂದರೆ, "ಯಾರು ಬರ್ತೀನಿ ಅಂದ್ರು?" ಎಂದಳು. "ನೀವೇ ಚೀಲ ಕೊಟ್ರಲ್ಲಮ್ಮ!"

"ಕೊಟ್ಟೆ. ಬೆಳಿಗ್ಗೆಯಿಂದ ಹೊಟ್ಟೆ ಕೆಟ್ಟಿತ್ತು. ಅಲ್ಲಿ ಒಳಗೆಲ್ಲ ನೀರು ನಿಂತಿದೆ, ಚೀಲ ಎಲ್ಲಿಡ್ಲಿ, ತಲೆ ಮೇಲಾ? ನೀನು ಗೊತ್ತಿರೋಳು ಅಂತ ಕೊಟ್ಟೆ." ಗೋಡೆಯಮ್ಮ ನಕ್ಕಳು. "ಅದಕ್ಕೇ ಮಂಚಕ್ಕೆ ಹಾಕ್ಬಿಡ್ತೀಯಾ ನನ್ನ? ಒಳ್ಳೆ ವ್ಯಾಪಾರದೋಳು ಕಣೆ ನೀನು!"

ಇಲ್ಲಿ ಅವಳೂ ನಗಬೇಕಿತ್ತು. ನಕ್ಕು, ಚೀಲ ಕೊಟ್ಟು, ತಕ್ಷಣ ಫೋನು ಮಾಡಿ, ತಪ್ಪಾಯಿತು ಮೇಡಂ, ಬಾಗಿಲಲ್ಲಿರುವವಳನ್ನು ಕಳಿಸಬೇಡಿ ಎನ್ನಬೇಕಿತ್ತು. ಇಷ್ಟೂ ಅವಳಿಗೆ ಆ ಗಳಿಗೆಯಲ್ಲೇ ಗೊತ್ತಿತ್ತು. ಗೊತ್ತಿದ್ದೂ ಬೆರಳು ಮಾತ್ರ ಚೀಲದ ಹಿಡಿಯನ್ನು ಬಿಡಲೊಲ್ಲದು. ಭಲೇ ಎಂದಿದ್ದರಲ್ಲ ಮೇಷ್ಟ್ರು. ಅಷ್ಟು ಜನ ಭೇಷ್ ಎಂದ ಮೇಲೆ ಈಗ ಏನಂತ ಬರೆಯುವುದು, ಶೌಚಕ್ಕೆ ಹೋಗಿದ್ದರಂತೆ ಅಂತಲೇ? ನಗೆಪಾಟಲು. ಬೇಡ, ಇನ್ನೂ ಕಾಲ ಮಿಂಚಿಲ್ಲ, ಗೋಡೆಯಮ್ಮನನ್ನೇ ಒಪ್ಪಿಸಿದರಾಯಿತು, ಇಷ್ಟು ದೂರ ಬಂದಿದ್ದಾಳೆ (ಎಲ್ಲಿಗೆ ಬಂದಿದ್ದಾಳೆ?), ಇನ್ನೆರಡು ಹೆಜ್ಜೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು ಅಮ್ಮ, ನೋಡಿ, ನಿಮಗೋಸ್ಕರ ಅಲ್ಲಿ ಯಾರನ್ನೋ ಹೊರಗೆ ಕಳಿಸಿದಾರೆ, ಈಗ ಇಲ್ಲ ಅಂದ್ರೆ ಹೇಗೆ, ನನ್ನ ಮರ್ಯಾದೆ ಏನಾಗ್ಬೇಕು ಎಂದೆಲ್ಲ ಅವಳ ಬಾಯಿಂದ ಬರುತ್ತಿತ್ತು. ಕೊನೆಯ ಮಾತು ಬಂದಾಗ ಗೋಡೆಯಮ್ಮನ ನಗು ನಿಂತಿತು. "ನಿನ್ನ ಮರ್ಯಾದೆ ನಿನ್ನ ಹತ್ರ ಇಟ್ಕೋ. ನನ್ನ ಚೀಲ ಕೊಡು" ಎಂದು ಹಿಡಿಗೆ ಕೈ ಹಾಕಿದಳು. ಇವಳು ಬಿಡಲಿಲ್ಲ. ಮುದುಕಿ ಎಳೆದಳು. ಇವಳೂ, ದೇವರೇ, ಎಳೆದಳು. ಮುದುಕಿಯ ತೋಳಿನಲ್ಲಿ ಅಷ್ಟು ಶಕ್ತಿಯಿದೆಯೆಂದು ಅವಳಿಗೆ ತಿಳಿದಿರಲಿಲ್ಲ, ತನ್ನ ತೋಳಿನಲ್ಲಿ ಅಷ್ಟು ಹಟವಿದೆಯೆಂದೂ. ಬಿಡು ಅಂದ್ರೆ, ಕೇಳಿ ಇಲ್ಲಿ, ಬಿಡೇ, ಒಂದ್ನಿಮಿಷ ಅಮ್ಮ, ಅಯ್ಯೋ ಯಾರಾದ್ರೂ ನೋಡ್ರಪ್ಪ!

ಯಾರಾದರೂ ನೋಡಿ ಎಂದು ಕೂಗಿದ್ದು ಗೋಡೆಯಮ್ಮ. ಆದರೆ ಬಸ್ಸಿನ ಸಾಲು ಬಿಟ್ಟು ಓಡಿಬಂದವರು ಸುತ್ತುವರಿದದ್ದು ಗೋಡೆಯಮ್ಮನನ್ನೇ. ಇದು ಹೇಗಾಯಿತೆಂದು ಇವಳಿಗೆ ಆಮೇಲೂ ಬಗೆಹರಿಯಲಿಲ್ಲ. ಒಬ್ಬ ಮುದುಕಿಯ ರಟ್ಟೆ ಹಿಡಿದುಕೊಂಡ. "ಬಿಡೇ, ಮೇಡಮ್ಮೋರ ಚೀಲಾನ" ಎಂದ. ಇನ್ನೊಬ್ಬಾಕೆ, "ಹಾಡಹಗಲಲ್ಲೇ ಎಷ್ಟು ಧೈರ್ಯ ನೋಡಿ ಇವಕ್ಕೆ" ಎಂದು ಇವಳ ಭುಜದ ಮೇಲೆ ಕೈಯಿಟ್ಟಳು. ಆ ಕೈ ಬೆಚ್ಚಗೆ, ಅಕ್ಕರೆಯಿಂದ ಇತ್ತು. ಇವಳು ಆ ಮುಖ, ಈ ಮುಖ ನೋಡಿದಳು. ಎಲ್ಲ ಮುಖಗಳೂ ತನ್ನ ಕಡೆಗಿದ್ದವು. ಅಷ್ಟು ಹೊತ್ತಿಗೆ ಬಸ್ ನಿಲ್ದಾಣದ ಪೊಲೀಸಿನವನೂ ಬಂದ. ಜನರನ್ನು ಸರಿಸಿ, ಬಹಳ ಸೌಜನ್ಯದಿಂದ, "ಮೇಡಂ, ಚೀಲ ನಿಮ್ಮದಾ?" ಎಂದು ಕೇಳಿದ.

ಅಲ್ಲ. ಒಂದೇ ಪದ, ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅಲ್ಲ ಎಂದರೆ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ನಿಮ್ಮದಲ್ಲದ್ದನ್ನು ಯಾಕೆ ಎಳೆಯುತ್ತಿದ್ದಿರಿ? ಭುಜದ ಮೇಲಿನ ಕೈ ಥಟ್ಟನೆ ಮೇಲೇಳುತ್ತದೆ. ನಾನು ಇವರನ್ನ ನಿಲಯಕ್ಕೆ ಸೇರಿಸೋಕೆ ಬಂದವಳು ಎಂದರೆ ಯಾರು ನಂಬುತ್ತಾರೆ, ಎಲ್ಲಿ ಚೀಟಿ ಎನ್ನುತ್ತಾರೆ, ಮೇಷ್ಟ್ರಿಗೆ ಫೋನು ಹೋಗುತ್ತದೆ, ಗಂಡನಿಗೆ ಹೋಗುತ್ತದೆ. ಹೇಗೆ ಶುರುಮಾಡುವುದು, ಎಲ್ಲಿಂದ? ಚೀಲ ಕೊಟ್ಟರು ಎಂದೇ, ಹಿಡಿದುಕೋ ಅಂದರು ಎಂದೇ? ಎರಡೂ ಒಂದೇ ಅಲ್ಲವೇ, ಎರಡೂ ಬೇರೆಯಲ್ಲವೇ? ಅವಳ ಬಾಯಿ ತೆರೆದಿತ್ತು. ಮಾತು ಹೊರಡಲಿಲ್ಲ. "ಪಾಪ, ಹೆದರಿಬಿಟ್ಟಿದಾರೆ" ಎಂದರು ಯಾರೋ. ಪೊಲೀಸಿನವನು ಅರ್ಥವಾಯಿತೆಂಬಂತೆ ತಲೆದೂಗಿ, ಗೋಡೆಯಮ್ಮನ ಕಡೆ ತಿರುಗಿ, ಬೇರೆಯೇ ದನಿಯಲ್ಲಿ, "ಏನೇ? ನಿಂದಾ ಚೀಲ? ನಡಿ ಠಾಣೆಗೆ, ಅಲ್ಲೇ ಕೂತು ಮಾತಾಡೋಣ" ಎಂದ. ಗೋಡೆಯಮ್ಮ ಅವನ ಸಮವಸ್ತ್ರ ನೋಡಿದಳು. ಇವಳ ತೆರೆದ ಬಾಯಿ ನೋಡಿದಳು, ಅದರಿಂದ ಏನಾದರೂ ಬರುತ್ತದೆಯೇನೋ ಎಂದು ಸ್ವಲ್ಪ ಹೊತ್ತು ಕಾದಳು. ಆಮೇಲೆ ಹಿಡಿಯಿಂದ ಕೈ ತೆಗೆದು, "ಇಲ್ಲ ಸಾರ್. ಅವರದೇ. ತಪ್ಪಾಯ್ತು" ಎಂದಳು. ಜನ ಓಹೋ ಎಂದರು. "ಇನ್ನೊಂದ್ಸಲ ಈ ಗೋಡೆ ಹತ್ರ ನಿನ್ನ ಮುಖ ಕಂಡ್ರೆ ನೋಡು ಮತ್ತೆ" ಎಂದು ಪೊಲೀಸಿನವನು ಬೆರಳು ತೋರಿಸಿದ. ಮುದುಕಿ ಬರಿಗೈಯಲ್ಲಿ, ಅವಸರವೂ ಇಲ್ಲದೆ, ಬೀದಿಯ ಆ ತುದಿಗೆ ನಡೆದು ತಿರುವಿನಲ್ಲಿ ಮರೆಯಾದಳು.

"ನೀರು ಕುಡೀರಿ ಮೇಡಂ" ಎಂದು ಭುಜ ಹಿಡಿದಿದ್ದಾಕೆ ಬಾಟಲಿಯ ಮುಚ್ಚಳ ತೆಗೆದು ಕೊಟ್ಟಳು. ಅವಳು ಕುಡಿದಳು. ಬಾಯಾರಿಕೆಯಾಗಿತ್ತು, ಗಟಗಟ ಕುಡಿದಳು. ಒಳಗೆ ಏನಾದ್ರೂ ಹೋಗಿದ್ಯಾ ನೋಡ್ಕೊಳ್ಳಿ ಎಂದರು, ತಲೆಯಾಡಿಸಿದಳು. ಹುಷಾರು, ಈ ಕಡೆಯೆಲ್ಲ ಒಬ್ಬೊಬ್ಬರೇ ಬರಬೇಡಿ ಎಂದರು, ಅದಕ್ಕೂ ಆಡಿಸಿದಳು. ಬಸ್ಸು ಬಂತು, ಎಲ್ಲರೂ ಹತ್ತಿ ಹೋದರು. ನೀರು ಕೊಟ್ಟಾಕೆ ಕಿಟಕಿಯಿಂದ ಕೈ ಬೀಸಿದಾಗ ಇವಳೂ ಕೈ ಬೀಸಿದಳು. ಬೀಸಿದ ಕೈಯನ್ನು ಆಮೇಲೆ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಎಂಥ ಹೆಂಗಸು ನಾನು ಎಂದು ಬಾಯಿಬಿಟ್ಟೇ ಅಂದುಕೊಂಡಳು, ಅಂದುಕೊಂಡು ಓಡಿದಳು. ತಿರುವಿನಾಚೆಯ ಬೀದಿ, ಅದರಾಚೆಯ ಮಾರುಕಟ್ಟೆ, ಬೀಗ ಹಾಕಿದ ಉದ್ಯಾನದ ಗೇಟು, ಸೇತುವೆಯ ಕೆಳಗೆ. ಹೀಗಿದ್ದರು, ಬಿಳಿ ಕೂದಲು, ಬೂದು ಸ್ವೆಟರು ಎಂದು ಸಿಕ್ಕಸಿಕ್ಕವರನ್ನು ಕೇಳಿದಳು. ಚೀಲ ಇದ್ಯಾ ಅವರ ಹತ್ರ ಎಂದು ಒಬ್ಬ ಹೂವಿನಂಗಡಿಯವ ಕೇಳಿದ. ಇಲ್ಲ ಎಂದಳು. ಚೀಲವಿಲ್ಲದ ಗೋಡೆಯಮ್ಮ ಬರೀ ಒಬ್ಬ ಮುದುಕಿ, ಬೀದಿಯಲ್ಲಿ ನಡೆದು ಹೋಗುವ ಮುದುಕಿಯರಿಗೆ ಬರವೇ? ಎಷ್ಟೋ ಬೆನ್ನುಗಳನ್ನು ಹಿಂಬಾಲಿಸಿ, ಮುಂದೆ ಹೋಗಿ ಮುಖ ನೋಡಿ, ಕ್ಷಮಿಸಿ ಎಂದಳು.

ನಡುವೆ ಫೋನು ಬಡಿದುಕೊಂಡಿತು. ವಾರ್ಡನ್ ಮೇಡಂ. "ಎಲ್ಲಿದೀರಮ್ಮ, ಹಾಸಿಗೆ ಕೊಡವಿ ಹೊಸ ಚಾದರ ಹಾಕ್ಸಿದೀನಿ" ಎಂದರು. ಅವರು ಬರಲ್ಲ ಮೇಡಂ, ನನ್ನದೇ ತಪ್ಪು, ಆ ಬಾಗಿಲಲ್ಲಿದ್ದವರನ್ನ ಕರೆದು ಮಂಚ ಕೊಟ್ಬಿಡಿ ಎಂದು ಒಂದೇ ಉಸಿರಿಗೆ ಹೇಳಿದಳು. "ಯಾರನ್ನ ಕರೀಲಿ? ಹೆಸರು ಕೇಳಿದ್ನಾ ನಾನು? ಹೋಗು ಅಂದೆ, ಹೋದಳು. ನೀವು ಖಂಡಿತ ಅಂದ್ರಲ್ಲಮ್ಮ!" ಎಂದು ವಾರ್ಡನ್ ಫೋನು ಕುಕ್ಕಿದರು. ಖಂಡಿತ ಅಂದೆ. ಹೊಸ ಚಾದರದ ಆ ಮಂಚ ಇವತ್ತು ರಾತ್ರಿ ಸುಮ್ಮನೆ ಇರುತ್ತದೆ. ಆ ಹುಷಾರಿಲ್ಲದವಳು ಎಲ್ಲಿರುತ್ತಾಳೋ. ಗೋಡೆಯಮ್ಮ ಎಲ್ಲಿರುತ್ತಾಳೋ. ಮನೆಯಲ್ಲಿ ಈ ಹೊತ್ತಿಗೆ ನಾದಿನಿ ಮಂಚ ಮಡಚಿ, ಬಾಗಿಲ ಹಿಂದೆ ನಿಲ್ಲಿಸಿ, ಅತ್ತಿಗೆ ಬಂದು ನೋಡಲೆಂದು ಕಾದಿರುತ್ತಾಳೆ. ಇದು ಅವಳಿಗೆ ಅಷ್ಟು ಸ್ಪಷ್ಟವಾಗಿ ಕಂಡಿತು. ಕಂಡು, ಅಳು ಬಂದು, ನಡುಬೀದಿಯಲ್ಲಿ ಅಳುವುದು ಹೇಗೆಂದು ಅತ್ತಿತ್ತ ನೋಡಿ, ಅಳಲಿಲ್ಲ. ಮೇಷ್ಟ್ರಿಗೆ ಹೇಳಬೇಕು. ಹೇಳಿದರೆ ಅವರು ಬೈಯುವುದಿಲ್ಲ, ಆಯ್ತು ಬಿಡಿ ಎನ್ನುತ್ತಾರೆ, ಅದನ್ನು ತಡೆದುಕೊಳ್ಳುವುದು ಹೇಗೆ? ಮೊದಲು ಚೀಲ ಮುಟ್ಟಿಸಬೇಕು. ಬೇರೆಲ್ಲ ಆಮೇಲೆ.

ಮುದುಕಿ ತನ್ನ ಚೀಲಕ್ಕಾಗಿ ಬಂದರೆ ಬರುವುದು ಒಂದೇ ಕಡೆಗೆ ಎಂದು ಹೊಳೆದಾಗ ಹೊತ್ತು ಇಳಿದಿತ್ತು. ಅವಳು ವಾಪಸು ಬಂದು, ಗೋಡೆಯಮ್ಮ ಕೂರುತ್ತಿದ್ದಲ್ಲೇ ಕೂತಳು. ಇಷ್ಟು ತಿಂಗಳೂ ಪಕ್ಕದಲ್ಲಿ, ಎದುರಿನಲ್ಲಿ, ಒಂದು ಮಾರು ಅಂತರ ಬಿಟ್ಟು ಕೂತವಳಿಗೆ ಗೊತ್ತಾಗದೇ ಹೋದದ್ದು ಬೆನ್ನು ತಗುಲಿದ ಕೂಡಲೇ ಗೊತ್ತಾಯಿತು. ಗೋಡೆ ಬೆಚ್ಚಗಿತ್ತು. ಅಂಗೈಯಿಟ್ಟು ನೋಡಿದಳು. ಬಲಕ್ಕೆ ತಣ್ಣಗೆ, ಎಡಕ್ಕೆ ತಣ್ಣಗೆ, ನಡುವೆ ಒಬ್ಬರ ಬೆನ್ನಿನಗಲ ಮಾತ್ರ ಹದವಾದ ಬಿಸಿ. ಆಚೆ ಬದಿಯಲ್ಲಿ ಬೇಕರಿ, ಅಲ್ಲಿ ಒಲೆ. ಬಿಸಿನೀರಿದೆ ಬನ್ನಿ, ಕಿಟಕಿಯಿದೆ ಬನ್ನಿ ಎಂದು ವಾರ ವಾರ ಗೋಗರೆದೆನಲ್ಲ, ಇಲ್ಲೇನಿದೆ ನಿಮಗೆ ಎಂದು ಒಂದು ದಿನವಾದರೂ ಕೇಳಿದೆನೇ? ನಾಚಿಕೆಯಿಂದ ಮುಖ ಬಿಸಿಯಾಯಿತು. ಆದರೂ ಬೆನ್ನಿಗೆ ಹಿತವಾಗುತ್ತಿತ್ತು. ನಡೆದು ನಡೆದು ಸೋತ ಬೆನ್ನು ಇನ್ನಷ್ಟು ಒತ್ತಿಕೊಂಡಿತು, ಬೇಡವೆಂದರೂ ಕೇಳಲಿಲ್ಲ. ಚೀಲವನ್ನು ಎಲ್ಲರಿಗೂ ಕಾಣುವ ಹಾಗೆ ಮೊಣಕಾಲ ಮೇಲೆ ಎತ್ತಿ ಹಿಡಿದುಕೊಂಡಳು. ಬರಲಿ. ಬಂದು ಬೈಯಲಿ, ಉಗಿಯಲಿ, ಬಂದರೆ ಸಾಕು.

ಬಂದದ್ದು ಪೊಲೀಸಿನವನು. ದೂರದಿಂದಲೇ ಗುರುತು ಹಿಡಿದು, "ಇದೇನು ಮೇಡಂ, ಇನ್ನೂ ಇಲ್ಲೇ ಇದೀರಾ? ಅದೂ ಇಲ್ಲಿ ಕೂತ್ಕೊಂಡು?" ಎಂದ. ಅವಳು ಎದ್ದು ನಿಂತಳು. ಈಗ ಸುತ್ತ ಯಾರೂ ಇರಲಿಲ್ಲ, ಹೇಳುವುದು ಸುಲಭವಾಗಿತ್ತು. "ಈ ಚೀಲ ನನ್ನದಲ್ಲ" ಎಂದಳು. "ಆಗಲೇ ಹೇಳ್ಬೇಕಿತ್ತು. ಆ ಅಮ್ಮಂದೇ ಇದು. ಎಳೀತಿದ್ದೋಳು ನಾನು. ಅವರು ಏನೂ ತಪ್ಪು ಮಾಡಿಲ್ಲ." ಹೇಳಿದ್ದೇ ಎದೆ ಹಗುರಾಗುತ್ತದೆಂದುಕೊಂಡಿದ್ದಳು. ಪೊಲೀಸಿನವನು ಅವಳನ್ನೇ ನೋಡುತ್ತಾ ನಿಂತು, ನಿಧಾನಕ್ಕೆ ಮುಗುಳ್ನಕ್ಕ. ಒಳ್ಳೆಯ ಮನುಷ್ಯ, ನಗುವಿನಲ್ಲಿ ಕುಹಕವಿರಲಿಲ್ಲ.

"ಅವಳ ಮೇಲೆ ಕೇಸ್ ಹಾಕ್ತೀನಿ ಅಂತ ಹೀಗೆ ಹೇಳ್ತಿದೀರ ಅಲ್ವಾ? ಏನೂ ಹಾಕಲ್ಲ ಬಿಡಿ. ನಮ್ಮಮ್ಮನೂ ನಿಮ್ಮ ಹಾಗೇನೇ, ಕರುಳು ಜಾಸ್ತಿ."

"ಇಲ್ಲ ಸಾರ್, ನಿಜವಾಗ್ಲೂ ಅವರದು."

"ಅವಳೇ ಒಪ್ಕೊಂಡ್ಲಲ್ಲ ಮೇಡಂ, ಅವರದೇ ಅಂತ? ಅಷ್ಟು ಜನ ಕೇಳಿಸ್ಕೊಂಡಿದಾರೆ."

ಅವರು ಯಾಕೆ ಒಪ್ಪಿಕೊಂಡರೆಂದರೆ, ಎಂದು ಶುರುಮಾಡಿದಳು. ಯಾಕೆಂದರೆ ನೀವು ಠಾಣೆ ಅಂದಿರಿ, ಯಾಕೆಂದರೆ ನಾನು ಸುಮ್ಮನಿದ್ದೆ, ಯಾಕೆಂದರೆ ನಮ್ಮಲ್ಲಿ ಚೀಲ ಕೊಟ್ಟರೆ ಒಪ್ಪಿದ ಹಾಗೆ. ಅವಳ ಮಾತು ಒಂದಕ್ಕೊಂದು ಸಿಕ್ಕಿಕೊಂಡು ಗಂಟಾಯಿತು. ಪೊಲೀಸಿನವನು ತಾಳ್ಮೆಯಿಂದ ಎಲ್ಲ ಕೇಳಿ, ತಲೆಬುಡ ತಿಳಿಯದೆ, ಕೊನೆಗೆ ಕೈ ಚಾಚಿದ. "ಸರಿ. ನಿಮ್ಮದಲ್ಲ ಅಂದ್ರೆ ಇಲ್ಲಿ ಕೊಡಿ. ಠಾಣೇಲಿಡ್ತೀನಿ. ಯಾರದೋ ಅವರು ಅಲ್ಲಿಗೆ ಬಂದು, ನಮ್ಮದು ಅಂತ ತೋರಿಸಿ, ತಗೊಂಡು ಹೋಗ್ಲಿ."

ಠಾಣೆ. ಆ ಪದ ಕೇಳಿ ಗೋಡೆಯಮ್ಮನ ಕೈ ಹಿಡಿಯಿಂದ ಕಳಚಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಸತ್ತರೂ ಆ ಮೆಟ್ಟಿಲು ಹತ್ತುವವಳಲ್ಲ. ಒರೆಸಿ ಒರೆಸಿ ಹೊಳಪು ಬಂದ ಈ ಮೂಲೆಗಳು ಯಾವುದೋ ಕೋಣೆಯಲ್ಲಿ ಧೂಳು ಹಿಡಿಯುತ್ತವೆ. ಪೊಲೀಸಿನವನ ಕೈ ಚಾಚಿಯೇ ಇತ್ತು. ಅವಳು ಚೀಲವನ್ನು ಎದೆಗೆ ಅವಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಬೆನ್ನು ಗೋಡೆಗೆ ತಗುಲಿತು.

"ನನ್ನದೇ" ಎಂದಳು.

"ಹಾಂ?"

"ನನ್ನದೇ ಚೀಲ. ಸುಮ್ನೆ ಏನೋ ಹೇಳ್ದೆ."

"ಅದನ್ನೇ ಅಲ್ವಾ ಮೇಡಂ ನಾನು ಹೇಳಿದ್ದು!" ಅವನಿಗೆ ನಿರಾಳವಾಯಿತು. "ಮನೆಗೆ ಹೊರಡಿ ಇನ್ನು."

"ಸ್ವಲ್ಪ ಹೊತ್ತು ಇಲ್ಲೇ ಕೂತಿರ್ತೀನಿ" ಎಂದಳು. ಪೊಲೀಸಿನವನು ಅವಳ ಮುಖ ನೋಡಿ, ಬೀದಿಯ ಎರಡೂ ತುದಿ ನೋಡಿ, ಸೊಂಟಪಟ್ಟಿ ಸರ್ರನೆ ಮೇಲೆಳೆದುಕೊಂಡು ಅವಳ ಪಕ್ಕದಲ್ಲೇ ಕಾಲಗಲಿಸಿ ನಿಂತ.

"ಕೂತ್ಕೊಳ್ಳಿ, ಎಷ್ಟೊತ್ತು ಬೇಕಾದ್ರೂ ಕೂತ್ಕೊಳ್ಳಿ. ನಾನೂ ಇಲ್ಲೇ ಇರ್ತೀನಿ. ನಾನಿರೋವರೆಗೂ ಅವಳು ಈ ಕಡೆ ಸುಳಿಯಲ್ಲ, ಹೆದರ್ಬೇಡಿ."